ಮಗುಚಿಟ್ಟ ಲೋಟ

ಇಲ್ಲದವರು ಕಣ್ಣಿಗೆ ಕಾಣಿಸುತ್ತಾರೆ ಎಂದು ಯಾರಾದರೂ ಹೇಳಿದರೆ, ನಾನು ಮೊದಲು ಅವರ ಊಟ ನಿದ್ದೆ ಸರಿಯಿದೆಯೇ ಎಂದು ಕೇಳುತ್ತಿದ್ದೆ. ಅಂಥದ್ದನ್ನು ನಂಬಿದವಳಲ್ಲ ನಾನು. ಕುಂದಾಪುರದ ಹತ್ತಿರ ನಾನು ಏಳನೆಯ ತರಗತಿಯವರೆಗೆ ಓದಿದ ಶಾಲೆಯ ಹಿಂದೆ ಒಂದು ಹಾಳುಬಾವಿ ಇತ್ತು. ಅಲ್ಲಿ ಹೆಂಗಸೊಬ್ಬಳು ತಲೆ ಬಾಚಿಕೊಳ್ಳುತ್ತ ಕೂತಿರುತ್ತಾಳೆ ಎಂದು ಮಕ್ಕಳೆಲ್ಲ ಹೇಳುತ್ತಿದ್ದರು. ನಮ್ಮ ಮಾಸ್ತರು ಒಂದು ದಿನ ಇಡೀ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬಾವಿಕಟ್ಟೆಯ ಮೇಲೆ ಕೂರಿಸಿ ಮಗ್ಗಿ ಹೇಳಿಸಿದರು. ಆಮೇಲೆ ಆ ಹೆಂಗಸು ಯಾರಿಗೂ ಕಾಣಲಿಲ್ಲ. ಭಯ ಎಂದರೆ ಇಷ್ಟೇ ಎಂದು ಅವತ್ತು ತಿಳಿದುಕೊಂಡೆ. ಮುಂದೆ ಬಹಳ ವರ್ಷ ಹಾಗೆಯೇ ತಿಳಿದುಕೊಂಡು ಬದುಕಿದೆ.

ಅನಘಾ, ನಿಖಿಲ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಎದುರು ಕೂತು ಹೇಳುವುದು ನನ್ನಿಂದಾಗದು. ಬಾಯಿ ಬಿಟ್ಟು ಮಾತಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ. ಅನಘಾ, ಸಣ್ಣವಳಿರುವಾಗ ಒಮ್ಮೆ ನೀನು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಮಿಳಿನಲ್ಲಿ ಕೇಳಿದ್ದೆ: "ಅಜ್ಜಿ, ಅಮ್ಮಾ ಏನ್ ಉಂಗ ಕೈಯಾಲ ಕಾಪಿ ವಾಂಗವೇ ಮಾಟ್ರಾಂಗ?" ಅಮ್ಮ ಯಾಕೆ ನಿಮ್ಮ ಕೈಯಿಂದ ಕಾಫಿ ತೆಗೆದುಕೊಳ್ಳುವುದೇ ಇಲ್ಲ ಎಂದು. ನಾನು ಒಗ್ಗರಣೆಯ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದುಬಿಟ್ಟೆ. ನೀನು ಮತ್ತೆ ಕೇಳಲಿಲ್ಲ. ಈಗ ಕೇಳದೆಯೇ ಹೇಳುತ್ತಿದ್ದೇನೆ. ಯಾಕೆ ಎನ್ನುವುದು ಕೊನೆಗೆ ತಿಳಿಯುತ್ತದೆ.

ನಾವು ಚೆನ್ನೈಯ ಕೀಲ್ಪಾಕಿನ ಈ ಮನೆಗೆ ಬರುವ ಮೊದಲು, ನಗರದ ದಕ್ಷಿಣಕ್ಕೆ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಹೋಟೆಲು ಇತ್ತು. ಈಗ ಅದನ್ನೂ ಚೆನ್ನೈ ಎಂದೇ ಕರೆಯುತ್ತಾರೆ. ಆಗ ಅದು ಮೀನುಗಾರರ ಮನೆಗಳು, ಒಂದು ಚರ್ಚು, ಒಂದು ಬಸ್‌ಸ್ಟ್ಯಾಂಡು, ನಮ್ಮ ಸಸ್ಯಾಹಾರಿ ಹೋಟೆಲು ಇಷ್ಟೇ ಇದ್ದ ಊರು. ಹೋಟೆಲನ್ನು ಶುರುಮಾಡಿದವರು ನಿಮ್ಮ ಅಜ್ಜ. ಅವರು ಹೋದ ಮೇಲೆ ನಿಮ್ಮ ಅಪ್ಪ ದಿನೇಶ ನಡೆಸಿದ. ನಾನು ಒಳಗೆ ಹಿಟ್ಟು, ಚಟ್ನಿ, ಡಿಕಾಕ್ಷನ್ ನೋಡಿಕೊಳ್ಳುತ್ತಿದ್ದೆ. ಗಿರಾಕಿಗಳ ಎದುರಿಗೆ ಬರುತ್ತಿರಲಿಲ್ಲ. ಅಡಿಗೆಮನೆಗೂ ಹೊರಗಿನ ಹಾಲಿಗೂ ನಡುವೆ ಒಂದು ಕಿಂಡಿ ಇತ್ತು. ಅದರಲ್ಲಿ ಲೋಟ ಇಡುವಾಗ ನನ್ನ ಕೈ ಮಾತ್ರ ಹೊರಗೆ ಕಾಣುತ್ತಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಪೆರುಂಗುಡಿಯ ಆಫೀಸುಗಳಿಂದ ಹುಡುಗ ಹುಡುಗಿಯರು ಕಾರುಗಳಲ್ಲಿ ಬಂದು ನಮ್ಮ ಊರಿನಲ್ಲಿ ಓಡುತ್ತಿದ್ದರು. ಅವರನ್ನು ಓಡಿಸುತ್ತಿದ್ದವರು ಸೆಲ್ವಂ ಮಾಸ್ಟರ್. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ಅದೇ ಊರಿನವರು. ನಾವು ತಿಂಡಿಯ ಹೆಸರು ಬರೆಯುವ ಕರಿ ಹಲಗೆಯ ಮೇಲೆ ಅವರು ಭಾನುವಾರ ಸುಣ್ಣದ ಕಡ್ಡಿಯಲ್ಲಿ ಅವತ್ತಿನ ದಾರಿ ಬಿಡಿಸುತ್ತಿದ್ದರು. ಮೂರು ದಾರಿಗಳಿದ್ದವು. ಮೀನು ಒಣಗಿಸುವ ಬಯಲು ದಾಟಿ ಚರ್ಚಿನ ಹಿಂದಿನಿಂದ ಬೇಗನೆ ತಿರುಗಿ ಬರುವುದು ಇಡ್ಲಿ ಸುತ್ತು. ದೊಡ್ಡ ರಸ್ತೆಯನ್ನು ದಾಟಿ ಹಿನ್ನೀರಿನ ಪಕ್ಕದ ಹಳೆಯ ಉಪ್ಪಿನ ಗದ್ದೆಗಳ ಬದುವಿನ ಮೇಲೆ ಹೋಗುವುದು ಉಪ್ಪಿನ ಸುತ್ತು. ಎಲ್ಲಕ್ಕಿಂತ ದೊಡ್ಡದು ಗಾಳಿಮರದ ಸುತ್ತು. ದಂಡೆಯಲ್ಲೇ ದಕ್ಷಿಣಕ್ಕೆ ಹೋಗಿ, ಗಾಳಿಮರದ ತೋಪನ್ನು ಬಳಸಿಕೊಂಡು, ಊರ ಒಳಗಿನಿಂದ ವಾಪಸು ಬರುವುದು.

ಓಡುವವರಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊರಡುವ ಮೊದಲು ಪ್ರತಿಯೊಬ್ಬರೂ ಒಂದೊಂದು ಸ್ಟೀಲ್ ಲೋಟ ತೆಗೆದು ಕಿಂಡಿಯ ಹಲಗೆಯ ಮೇಲೆ ಮಗುಚಿ ಇಟ್ಟು ಹೋಗಬೇಕು. ವಾಪಸು ಬಂದವರು ತಮ್ಮ ಲೋಟವನ್ನು ತಾವೇ ನೆಟ್ಟಗೆ ಮಾಡಬೇಕು. ಆಗ ನಾನು ಒಳಗಿನಿಂದ ಕಾಫಿ ಹೊಯ್ಯುತ್ತೇನೆ. ಇದನ್ನು ಕಂಡುಹಿಡಿದದ್ದು ನಾನೇ. ಮಾತಾಡದೆ, ಮುಖ ನೋಡದೆ, ಯಾರು ಬಂದರು ಯಾರು ಬರಲಿಲ್ಲ ಎಂದು ತಿಳಿಯಲಿ ಎಂದು ಮಾಡಿದ್ದು. ಸೆಲ್ವಂ ಮಾಸ್ಟರಿಗೆ ಅದು ಬಹಳ ಹಿಡಿಸಿತು. ಒಂದು ಲೋಟ ಮಗುಚಿದ್ದರೂ ಅವರು ಯಾರನ್ನೂ ಹೊರಡಲು ಬಿಡುತ್ತಿರಲಿಲ್ಲ. ತಾವೇ ಮೋಟಾರ್‌ಸೈಕಲ್ ಹತ್ತಿ ದಾರಿಯುದ್ದಕ್ಕೂ ಹುಡುಕಿಕೊಂಡು ಹೋಗುತ್ತಿದ್ದರು. ಒಮ್ಮೆ ಉಪ್ಪಿನ ಗದ್ದೆಯಲ್ಲಿ ಕಾಲು ಹಿಡಿದುಕೊಂಡು ಬಿದ್ದಿದ್ದ ಒಬ್ಬ ದೊಡ್ಡ ಆಫೀಸರನ್ನು ಹಾಗೆಯೇ ಹಿಂದೆ ಕೂರಿಸಿಕೊಂಡು ತಂದಿದ್ದರು. ಆಮೇಲೆ ಎಲ್ಲರೂ ಆ ಲೋಟಗಳನ್ನು ದೇವರ ಹಾಗೆ ನಂಬಿದರು.

ನಿಮ್ಮ ಅಮ್ಮ ಶೈಲ ಪೆರುಂಗುಡಿಯಲ್ಲೇ ಬೆಳೆದವಳು. ಶಾಲೆಯಲ್ಲಿ ಓಟದಲ್ಲಿ ಬಹುಮಾನ ಗೆದ್ದವಳು. ನಿಖಿಲ ಹುಟ್ಟಿದ ಮೇಲೆ ಮೈ ಬಂದಿತ್ತು. ಕಿಂಡಿಯಲ್ಲಿ ದೋಸೆ ಕೊಡುತ್ತ ಓಡುವವರನ್ನೇ ನೋಡುತ್ತಿದ್ದಳು. ಒಂದು ದಿನ ಮಾಸ್ಟರ್, "ವಾಮ್ಮಾ, ಪಾತ್ತುಕ್ಕಿಟ್ಟೇ ಇರುಂದಾ ಎಪ್ಪಡಿ?" ಎಂದರು. ನೋಡುತ್ತಲೇ ಇದ್ದರೆ ಹೇಗೆ, ಬಾ ಎಂದು. ಅವಳು ನನ್ನ ಮುಖ ನೋಡಿದಳು. ನಾನು ಹೋಗು ಎಂದು ಕತ್ತು ಆಡಿಸಿದೆ. ಅವಳ ಹಳೆಯ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಿ ಹೊಲಿದುಕೊಟ್ಟವಳೂ ನಾನೇ.

ಊರಿನಿಂದ ಬಂದಿದ್ದ ನನ್ನ ತಂಗಿಗೆ ಇದು ಸರಿಬರಲಿಲ್ಲ. "ಎಂತ ಅಕ್ಕಾ, ನಿನ್ನ ಸೊಸೆ ಬೆಳಿಗ್ಗೆ ಬೆಳಿಗ್ಗೆ ಓಡಿ ಹೋತ್ತಲ್ಲೆ! ಹಿಡಿದು ಕಟ್ಟಿ ಹಾಕುಕಾಗದಾ?" ಎಂದು ಶೈಲನಿಗೆ ಕೇಳುವ ಹಾಗೆಯೇ ಹೇಳಿದಳು.

ಶೈಲ ನಕ್ಕಳು. "ಹಿಡೂಕೆ ನೀವೇ ಬನ್ನಿ ಚಿಕ್ಕಮ್ಮ. ಗಾಳಿಮರದ ತನಕ ಒಟ್ಟಿಗೇ ಓಡ್ವ. ತಿರುಗಿ ಬಪ್ಪತ್ತಿಗೆ ನಿಮ್ಮ ಸೊಂಟವೂ ನನ್ನ ಹಾಂಗೆ ಸಪೂರ ಆತ್ತು" ಎಂದಳು.

ತಂಗಿ ಆಮೇಲೆ ಅದನ್ನು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಹೇಳಿಕೊಂಡು ಬಂದಳು. ಅತ್ತೆಗೆ ಸೊಸೆ ಓಡುವುದು ಇಷ್ಟವಿಲ್ಲ, ಬಾಯಿ ಬಿಟ್ಟು ಹೇಳಲಾರಳು ಎಂದು ಅವಳೇ ಸೇರಿಸಿದಳು. ಅದು ಮುಂದೆ ನನಗೆ ಹೇಗೆ ಸುತ್ತಿಕೊಂಡಿತು ಎಂದು ಹೇಳುತ್ತೇನೆ.

ಆ ಭಾನುವಾರ ಪೆರುಂಗುಡಿಯಲ್ಲಿ ಶೈಲನ ಅಣ್ಣನ ಮಗುವಿನ ನಾಮಕರಣ ಇತ್ತು. ಹಿಂದಿನ ಸಂಜೆಯೇ ಅವಳ ಅಮ್ಮ ಬಂದು ನಿಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಶೈಲ ಬೆಳಿಗ್ಗೆ ಓಡಿ ಬಂದು, ಸ್ನಾನ ಮಾಡಿ, ಬಸ್ಸಿಗೆ ಹೋಗುವುದು ಎಂದಾಗಿತ್ತು. ದಿನೇಶನಿಗೆ ಭಾನುವಾರ ಹೋಟೆಲು ಬಿಡುವ ಹಾಗಿರಲಿಲ್ಲ. ಬಸ್ಸು ತಪ್ಪಬಾರದೆಂದು ಅವಳು ಉಳಿದವರಿಗಿಂತ ಮೊದಲೇ, ಒಬ್ಬಳೇ ಹೊರಟಳು. ಅವತ್ತಿನ ಹಲಗೆಯಲ್ಲಿ ಗಾಳಿಮರದ ಸುತ್ತು ಇತ್ತು. ಮೊಬೈಲನ್ನು ಗಲ್ಲಾದ ಹತ್ತಿರ ಚಾರ್ಜಿಗೆ ಹಾಕಿ, ಕಿಂಡಿಯ ಮೇಲೆ ಲೋಟ ಮಗುಚಿಟ್ಟು, "ಅತ್ತೆ, ಹೋಯಿ ಬತ್ತೆ. ಡಿಕಾಕ್ಷನ್ ನನಗೆ ಗಟ್ಟಿ ಇರ್ಲಿ, ಆ ಆಫೀಸಿನವರಿಗೆ ನೀರು ಮಾಡಿ" ಎಂದು ಹೇಳಿ ಹೋದಳು. ಅವಳು ನನ್ನ ಹತ್ತಿರ ನಗುತ್ತ ಆಡಿದ ಕೊನೆಯ ಮಾತು ಅದು.

ಬೆಳಕು ಚೆನ್ನಾಗಿ ಬಿಟ್ಟ ಮೇಲೆ ಒಬ್ಬೊಬ್ಬರೇ ಓಡಿ ಬರತೊಡಗಿದರು. ಲೋಟಗಳು ನೆಟ್ಟಗಾಗತೊಡಗಿದವು. ಹೊರಗಿನವರ ಮುಖ ನಾನು ನೋಡುತ್ತಿರಲಿಲ್ಲ, ಅದು ನಿಜ. ಕೈ ನೋಡಿ ಕಾಫಿ ಹೊಯ್ಯುತ್ತಿದ್ದೆ. ಆದರೆ ಶೈಲ ಬಂದಾಗ ಮುಖ ನೋಡಿದೆ. ನಮ್ಮ ಹುಡುಗಿಯ ಮುಖ ನೋಡದೆ ಇರುತ್ತೇನೆಯೇ? ಅವಳು ಹಿಂದಿನ ಬಾಗಿಲಿನಿಂದ ಅಡಿಗೆಮನೆಗೇ ಬಂದಳು. ಕಿಂಡಿಯ ಮೇಲೆ ಒಂದೇ ಒಂದು ಲೋಟ ಮಗುಚಿ ಉಳಿದಿತ್ತು. ಅದನ್ನು ನೆಟ್ಟಗೆ ಮಾಡಿ ನನ್ನ ಮುಂದೆ ಹಿಡಿದಳು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಎಡಗೆನ್ನೆಗೆ ಮರಳು ಮೆತ್ತಿತ್ತು. ನಾನು ಕಾಫಿ ಹೊಯ್ದೆ. "ಕೂಕೊ ಮಾರಾಯ್ತಿ, ಉಸಿರು ಬಿಡು" ಎಂದೆ. ಅವಳು ಕೂರಲಿಲ್ಲ. ಮಾತೂ ಆಡಲಿಲ್ಲ. ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಳು. ದಣಿದಿದ್ದಾಳೆ ಎಂದುಕೊಂಡೆ.

ಆಗ ದಿನೇಶ ದೋಸೆ ಕಲ್ಲಿನ ಹತ್ತಿರದಿಂದ ತಿರುಗದೆಯೇ ಕೇಳಿದ. "ಅಮ್ಮ, ಶೈಲ ಬಂತಾ?" ನಮ್ಮ ಕಡೆ ಮನೆಯ ಹೆಣ್ಣುಮಕ್ಕಳಿಗೆ ಬಂದಳು ಎನ್ನದೆ ಬಂತು ಎಂದೇ ಹೇಳುವುದು.

"ಬಂತು, ಕಾಫಿ ಕುಡೀತಿತ್ತು" ಎಂದೆ.

ಸಾಂಬಾರು ಉಕ್ಕುವ ಸದ್ದಾಯಿತು. ಒಲೆ ಸಣ್ಣ ಮಾಡಿ ತಿರುಗಿದರೆ ಲೋಟ ಕಟ್ಟೆಯ ಮೇಲೆ ಖಾಲಿ ಇತ್ತು. ಶೈಲ ಇರಲಿಲ್ಲ. ಸ್ನಾನಕ್ಕೆ ಮಹಡಿಗೆ ಹೋದಳು ಎಂದುಕೊಂಡು ಲೋಟ ತೊಳೆಯಲು ತೆಗೆದೆ. ತಳದಲ್ಲಿ ಸ್ವಲ್ಪ ಮರಳಿತ್ತು. ಕೈಗೆ ಅಂಟಿದ್ದು ಬಿದ್ದಿರಬೇಕು ಎಂದು ತೊಳೆದಿಟ್ಟೆ.

ಹೊರಗೆ ಸೆಲ್ವಂ ಮಾಸ್ಟರ್ ಕಿಂಡಿಯ ಹತ್ತಿರ ಬಂದು, "ಅಮ್ಮಾ, ಎಲ್ಲಾರುಂ ವಂದಾಚ್ಚಾ? ಶೈಲಾವುಂ?" ಎಂದು ಕೇಳಿದರು. ಎಲ್ಲರೂ ಬಂದಾಯಿತೇ, ಶೈಲನೂ ಎಂದು. ದಾರಿಯಲ್ಲಿ ತಮಗೆ ಅವಳು ಸಿಗಲಿಲ್ಲ ಎಂದು ಸ್ವಲ್ಪ ಅನುಮಾನ ಅವರಿಗೆ. ನಾನು ಹೌದೆಂದು ತಲೆ ಆಡಿಸಿ, ತೊಳೆದ ಲೋಟ ತೋರಿಸಿದೆ. ಅವರು ಸಮಾಧಾನವಾಗಿ ಮೋಟಾರ್‌ಸೈಕಲ್ ಹತ್ತಿ ಮನೆಗೆ ಹೋದರು. ಕಾರುಗಳೂ ಹೋದವು.

ಅವಳು ಆ ಹೊತ್ತಿಗೆ ಎಲ್ಲಿದ್ದಳು ಎನ್ನುವುದು ಆಮೇಲೆ ತಿಳಿಯಿತು. ಬಸ್ಸಿನ ಅವಸರಕ್ಕೆ ಅವಳು ತೋಪನ್ನು ಬಳಸಿ ಹೋಗುವ ಬದಲು, ಹಲಗೆಯಲ್ಲಿ ಇಲ್ಲದ ಒಳದಾರಿ ಹಿಡಿದಿದ್ದಳು. ಅಲ್ಲಿ ಯಾರೋ ಕದ್ದು ಮರಳು ತೋಡಿ ಆಳದ ಗುಂಡಿ ಮಾಡಿ ಬಿಟ್ಟಿದ್ದರು. ಮೇಲೆ ಗಾಳಿಮರದ ಒಣ ಎಲೆ ಮುಚ್ಚಿಕೊಂಡಿತ್ತು. ಓಡುವ ವೇಗದಲ್ಲೇ ಬಿದ್ದಳು. ಬಲಗಾಲು ಮೊಣಕಾಲಿನ ಹತ್ತಿರ ಮುರಿದು ಮೈಯ ಕೆಳಗೆ ಮಡಚಿಕೊಂಡಿತು. ಬೆಳಕು ಹರಿಯುವ ಮೊದಲೇ ಬಿದ್ದದ್ದು ಎಂದು ಅವಳೇ ಹೇಳಿದಳು. ನಾನು ಕಾಫಿ ಹೊಯ್ಯುವಾಗ ಬಿಸಿಲು ಅಡಿಗೆಮನೆಯ ಗೋಡೆಗೆ ಬಿದ್ದಿತ್ತು.

ದಿನೇಶ ಗಲ್ಲಾದ ಹತ್ತಿರ ಅವಳ ಮೊಬೈಲು ನೋಡಿ, "ಮರೆತು ಹೋಯ್ತು ಕಾಣ್" ಎಂದು ನಕ್ಕ. ಪೆರುಂಗುಡಿಯಿಂದ ಅವಳ ಅಮ್ಮನ ಫೋನು ಬಂದಾಗ, "ಹೊರಟಾಯ್ತು, ಬಸ್ಸಿನಲ್ಲಿ ಇರಬೇಕು" ಎಂದ. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಮತ್ತೆ ಮಾಡಿದರು. ಆಮೇಲೆ ಹುಡುಕಾಟ ಶುರುವಾಯಿತು. ಬಸ್‌ಸ್ಟ್ಯಾಂಡು, ರಸ್ತೆ, ಬಸ್ಸಿನ ಡ್ರೈವರುಗಳು, ಪೊಲೀಸ್ ಠಾಣೆ. ಎಲ್ಲ ಪೆರುಂಗುಡಿಯತ್ತ, ಉತ್ತರದ ಕಡೆ. ದಕ್ಷಿಣಕ್ಕೆ, ಗಾಳಿಮರದ ಕಡೆಗೆ, ಒಬ್ಬರೂ ಹೋಗಲಿಲ್ಲ. ಓಟ ಮುಗಿಸಿ ಬಂದು ಕಾಫಿ ಕುಡಿದವಳನ್ನು ಓಟದ ದಾರಿಯಲ್ಲಿ ಯಾರು ಹುಡುಕುತ್ತಾರೆ?

ಸಂಜೆ ತೋಪಿನಲ್ಲಿ ಒಣ ಎಲೆ ಗುಡಿಸಿ ಒಲೆಗೆ ಮಾರುವ ಮುದುಕಿ ಹೋಟೆಲಿನ ಬಾಗಿಲಿಗೆ ಓಡಿ ಬಂದಳು. "ಅಮ್ಮಾ, ಉಂಗ ಮರುಮಗ ಕುಳಿಲ ಕೆಡಕ್ಕುದು!" ಎಂದು ಕೂಗಿದಳು. ನಿಮ್ಮ ಸೊಸೆ ಗುಂಡಿಯಲ್ಲಿ ಬಿದ್ದಿದ್ದಾಳೆ ಎಂದು. ನನ್ನ ಬಾಯಿಂದ ಬಂದ ಮಾತು ನನಗೆ ಈಗಲೂ ಕೇಳಿಸುತ್ತದೆ.

"ಇಲ್ಲ, ಅದು ಬಂದಾಯ್ತಲ್ಲ" ಎಂದೆ.

ಇಡೀ ದಿನದ ಬಿಸಿಲು ಅವಳ ಮೇಲೆ ಬಿದ್ದಿತ್ತು. ತುಟಿ ಒಡೆದು ರಕ್ತ ಒಣಗಿತ್ತು. ಕೂಗಿ ಕೂಗಿ ಸ್ವರ ಹೋಗಿತ್ತು. ಮುರಿದ ಕಾಲಿಗೆ ರಕ್ತ ಹೋಗುವುದು ನಿಂತು ಬಹಳ ಹೊತ್ತಾಗಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮೊಣಕಾಲಿನ ಮೇಲೆ ತೆಗೆಯಬೇಕಾಯಿತು. ಬೆಳಿಗ್ಗೆಯೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ದಿನೇಶನಿಗೆ ಹೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ದಿನೇಶ ನನ್ನ ಕಡೆ ತಿರುಗಿದ. "ನೀವೊಂದು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಸಾಕಿತ್ತು ಅಮ್ಮ. ಮಾಸ್ಟರ್ ಹುಡುಕುಕೆ ಹೋತಿದ್ರು" ಎಂದ. ಜೀವನವಿಡೀ ಬಾಯಿ ಮುಚ್ಚಿಕೊಂಡೇ ಇದ್ದವಳಿಗೆ ಆ ಮಾತು.

ಶೈಲನ ಅಮ್ಮ ವರಾಂಡದಲ್ಲಿ ಎಲ್ಲರ ಎದುರು ಕೇಳಿದರು. "ನಿಮ್ಮ ಕೈಯಲ್ಲಿ ಕಾಫಿ ಕುಡಿದ ಹುಡುಗಿ ಗುಂಡಿಯಲ್ಲಿ ಹ್ಯಾಂಗೆ ಬಿದ್ಕಂಡಿತ್ತು? ಸ್ವಲ್ಪ ಬಿಡಿಸಿ ಹೇಳಿ ಕಾಂಬ."

ನಾನು ಕಂಡದ್ದನ್ನು ಹೇಳಿದೆ. ಅವರು ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ನನ್ನ ತಂಗಿ ಊರಿನಲ್ಲಿ ಹರಡಿದ್ದ ಮಾತು ಅಷ್ಟರಲ್ಲಿ ಅವರ ಕಿವಿಗೂ ಬಂದಿತ್ತು. ಸೊಸೆ ಓಡುವುದು ಇಷ್ಟವಿಲ್ಲದ ಅತ್ತೆ ಬೇಕೆಂದೇ ಸುಳ್ಳು ಹೇಳಿದಳು ಎಂದು ಕೆಲವರು ತೀರ್ಮಾನ ಮಾಡಿದರು. ಉಳಿದವರು ಪಾಪ, ಕಣ್ಣು ಮಂಜು, ಯಾರನ್ನೋ ನೋಡಿ ಶೈಲ ಅಂದುಕೊಂಡಿದ್ದಾರೆ ಎಂದರು. ಅದನ್ನು ಒಪ್ಪಿಕೊಂಡಿದ್ದರೆ ನನಗೂ ಸುಲಭವಾಗುತ್ತಿತ್ತು. ಆದರೆ ಆ ಓಟದವರಲ್ಲಿ ಯಾವ ಹುಡುಗಿ ನನ್ನ ಅಡಿಗೆಮನೆಗೆ ಹಿಂದಿನ ಬಾಗಿಲಿನಿಂದ ಬರುತ್ತಾಳೆ? ಲೋಟಗಳೆಲ್ಲ ಸರಿಯಾಗಿಯೇ ಇದ್ದವು. ಎಲ್ಲರದೂ ನೆಟ್ಟಗಾದ ಮೇಲೆ ಉಳಿದದ್ದು ಶೈಲನದೊಂದೇ. ಅದನ್ನು ಯಾರು ಎತ್ತಿದರು?

ಇಷ್ಟೇ ಆಗಿದ್ದರೆ ನಾನೂ ಒಂದು ದಿನ ನನ್ನ ಕಣ್ಣನ್ನೇ ದೂರಿ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಶೈಲನಿಗೆ ಸ್ವರ ಬಂದ ದಿನ ಅವಳು ಕೇಳಿದ ಮಾತು ಬೇರೆಯೇ. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅತ್ತೆ, ನೀವು ಯಾಕೆ ಹಾಂಗೆ ಮಾಡಿದ್ರಿ?"

"ಎಂತ ಮಾಡಿದೆ ಮಗಾ?"

"ನೀವು ಬಂದಿದ್ರಿ ಅಲ್ದಾ ಗುಂಡಿ ಹತ್ರ. ಬಿಸಿಲು ಬಂದಾಗಿತ್ತು. ಅಂಚಿನಲ್ಲಿ ನಿತ್ಕಂಡ್ರಿ, ಕೈಯಲ್ಲಿ ಕಾಫಿ ಲೋಟ. ನಾನು ಅತ್ತೆ, ಅತ್ತೆ ಅಂದೆ. ಪರಿಮಳ ಬತ್ತಿತ್ತು. ನೀವು ಮಾತಾಡ್ಲಿಲ್ಲ. ನನ್ನ ಕಣ್ಣೆದುರೇ ಕಾಫಿ ಮರಳಿನ ಮೇಲೆ ಹೊಯ್ದ್ರಿ. ಲೋಟ ಅಲ್ಲೇ ಮಗುಚಿ ಇಟ್ಟು ಹೋದ್ರಿ."

ನನ್ನ ಕೈಯಿಂದ ಗಂಜಿಯ ಪಾತ್ರೆ ಕೆಳಗೆ ಬೀಳಲಿಲ್ಲ. ಬಿದ್ದಿದ್ದರೆ ಅವಳು ನಂಬುತ್ತಿದ್ದಳೇನೋ. ನಾನು ಪಾತ್ರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ನಾನು ಅಡಿಗೆಮನೆ ಬಿಟ್ಟು ಹೋಗಲಿಲ್ಲ ಶೈಲ. ನೀನು ಬಂದಿದ್ದೆ. ನನ್ನ ಎದುರು ನಿಂತಿದ್ದೆ" ಎಂದೆ.

"ನಾನು ಎಲ್ಲಿಗೆ ಬಪ್ಪುದು ಅತ್ತೆ, ಈ ಕಾಲಲ್ಲಿ?" ಎಂದಳು. ಹೊದಿಕೆ ಸರಿಸಿ ತೋರಿಸಿದಳು.

ನಾನು ತಂದ ಗಂಜಿಯನ್ನು ಅವಳು ಮುಟ್ಟಲಿಲ್ಲ. ಅವತ್ತಿನಿಂದ ಈವತ್ತಿನವರೆಗೆ ನನ್ನ ಕೈಯಿಂದ ಒಂದು ಲೋಟ ನೀರನ್ನೂ ಅವಳು ತೆಗೆದುಕೊಂಡಿಲ್ಲ.

ನೋವಿಗೂ ಬಿಸಿಲಿಗೂ ಹಾಗೆ ಏನೇನೋ ಕಾಣಿಸುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ನನ್ನ ಕಣ್ಣಿಗೆ ವಯಸ್ಸಾಗಿದೆ ಎಂದು ದಿನೇಶ ಹೇಳಿದ. ಅದೂ ಇರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಎರಡಕ್ಕೂ ಕಾರಣ ಸಿಗುತ್ತದೆ. ಅವಳಿಗೆ ನಾನು ಕಾಣಿಸಿದ್ದೂ ನನಗೆ ಅವಳು ಕಾಣಿಸಿದ್ದೂ ಒಂದೇ ಬೆಳಿಗ್ಗೆ, ಒಂದೇ ಲೋಟದ ಜೊತೆಗೆ. ಅದಕ್ಕೆ ಯಾರೂ ಕಾರಣ ಹೇಳಲಿಲ್ಲ. ದಿನೇಶ ಮರುದಿನ ಗುಂಡಿಯ ಹತ್ತಿರ ಹೋಗಿ ಬಂದ. ಲೋಟ ಇರಲಿಲ್ಲ, ಮರಳಿನಲ್ಲಿ ಲೋಟದ ಬಾಯಿಯ ಹಾಗೆ ದುಂಡಗಿನ ಒಂದು ಗುರುತು ಇತ್ತು ಎಂದ. ಇನ್ನೊಮ್ಮೆ ಕೇಳಿದಾಗ ಅಂಥದ್ದೇನೂ ಇರಲಿಲ್ಲ ಎಂದ. ಮೂರನೆಯ ಸಲ ಕೇಳಲು ನನಗೆ ಧೈರ್ಯ ಬರಲಿಲ್ಲ.

ಹೋಟೆಲಿಗೆ ಓಟದವರು ಬರುವುದು ನಿಂತಿತು. ಸೆಲ್ವಂ ಮಾಸ್ಟರ್ ಒಂದು ಸಲ ಬಂದು ಹಲಗೆಯ ಎದುರು ಬಹಳ ಹೊತ್ತು ನಿಂತು, ಗಾಳಿಮರದ ಸುತ್ತನ್ನು ಅಂಗೈಯಲ್ಲಿ ಒರೆಸಿ ಹೋದರು. ನನ್ನ ಕಡೆ ನೋಡಲಿಲ್ಲ. ನಾವು ಹೋಟೆಲು ಬಿಟ್ಟು ಕೀಲ್ಪಾಕಿಗೆ ಬಂದೆವು. ನಿಮ್ಮ ಅಪ್ಪ ನುಂಗಂಬಾಕ್ಕಂನಲ್ಲಿ ಮೆಸ್ಸು ಶುರುಮಾಡಿದ. ಉಳಿದದ್ದು ನೀವು ನೋಡಿಯೇ ಬೆಳೆದಿರಿ.

ನಿಮ್ಮ ಅಮ್ಮ ನನಗೆ ಕೆಟ್ಟದ್ದು ಮಾಡಿದಳು ಎಂದು ತಿಳಿಯಬೇಡಿ. ನನ್ನ ಬಿಪಿ ಮಾತ್ರೆ ತಪ್ಪದ ಹಾಗೆ ತರುತ್ತಾಳೆ. ನನಗೆ ಜ್ವರ ಬಂದಾಗ ಆ ಕಾಲಿನಲ್ಲೇ ಎದ್ದು ಬಂದು ಹಣೆಗೆ ಬಟ್ಟೆ ಹಾಕುತ್ತಾಳೆ. ಒಂದು ಸಲ ಅವಳ ಹತ್ತಿರ, "ಇಷ್ಟೆಲ್ಲ ಮಾಡ್ತಿ, ಒಂದು ಲೋಟ ಕಾಫಿ ಮಾತ್ರ ಎಂತಕ್ಕೆ ಬ್ಯಾಡ?" ಎಂದು ಕೇಳಿದೆ. "ನಿಮ್ಮ ಮೇಲೆ ಸಿಟ್ಟಿಲ್ಲೆ ಅತ್ತೆ. ಆದ್ರೆ ನಿಮ್ಮ ಕೈಯಲ್ಲಿ ಲೋಟ ಕಂಡ ಕೂಡ್ಲೇ ನಂಗೆ ಬಾಯಾರಿಕೆ ಹೋತ್ತು" ಎಂದಳು. ತರಕಾರಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನು ಈಗ ಯಾಕೆ ಬರೆಯುತ್ತಿದ್ದೇನೆ ಎನ್ನುವುದು. ಅನಘಾ, ನೀನು ಕಾಲೇಜು ಸೇರಿದ ಮೇಲೆ ಬೆಳಿಗ್ಗೆ ಓಡಲು ಶುರುಮಾಡಿದೆ. ನಿನ್ನ ಅಮ್ಮ ಬೇಡ ಎನ್ನಲಿಲ್ಲ. ನೀನು ಹೋಗುವ ದಾರಿ ಅವಳ ಮೊಬೈಲಿನಲ್ಲಿ ನೀಲಿ ಗೆರೆಯಾಗಿ ಕಾಣುತ್ತದೆಯಂತೆ. ಆದರೂ ನೀನು ಹೊರಟ ಕೂಡಲೇ ಅವಳು ಅಡಿಗೆಕಟ್ಟೆಯ ಮೇಲೆ ಒಂದು ಲೋಟ ಮಗುಚಿಡುತ್ತಾಳೆ. ನೀನು ಬಂದಾಗ ಬಾಗಿಲಿಗೆ ಹೋಗಿ ನಿನ್ನ ತೋಳು ಮುಟ್ಟಿ ನೋಡಿ, ಆಮೇಲೆ ಅದನ್ನು ತಾನೇ ನೆಟ್ಟಗೆ ಮಾಡುತ್ತಾಳೆ. ನಿನಗೆ ಅದು ಅಮ್ಮನ ಮುದ್ದು ಎಂದು ತೋರುತ್ತಿರಬೇಕು. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಶೈಲ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು, ಕೃತಕ ಕಾಲು ಇನ್ನೂ ಹಾಕಿಕೊಂಡಿರಲಿಲ್ಲ. ನೀನು ಬಂದೆ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತೆ. ಹಸಿರು ಬನಿಯನ್ನು ಹಾಕಿದ್ದೆ, ಕುತ್ತಿಗೆ ಬೆವರಿತ್ತು. ನಾನು ನಿನ್ನನ್ನು ನೋಡಿ ನಕ್ಕು, "ಶೈಲ, ಅನಘ ಬಂತು" ಎಂದೆ.

ಒಳಗಿನಿಂದ ಅವಳು ಕೇಳಿದಳು. "ನೀವು ಕಂಡ್ರಿಯಾ?"

"ಕಂಡೆ. ಇಲ್ಲೇ ಇತ್ತಲ್ಲ" ಎಂದು ಹೇಳಿ ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೈ ತೊಳೆಯಲು ಹೋಗಿದ್ದೀಯ ಎಂದುಕೊಂಡೆ.

ಶೈಲ ಕಾಲಿನ ಪಟ್ಟಿ ಬಿಗಿಯುವ ಸದ್ದು ಕೇಳಿಸಿತು. ಅವಳು ಕೋಲು ಕೂಡ ತೆಗೆದುಕೊಳ್ಳದೆ, ಗೋಡೆ ಹಿಡಿದು, ನನ್ನ ಮುಂದಿನಿಂದಲೇ ಹಾದು ಮೆಟ್ಟಿಲಿಳಿದಳು. ಬಚ್ಚಲಮನೆಯ ಬಾಗಿಲು ತೆರೆದಿತ್ತು, ದೀಪ ಆರಿತ್ತು. ಕೈ ತೊಳೆಯಲು ಅಲ್ಲಿಗೆ ಯಾರೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಲೋಟ ಮಗುಚಿಯೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಕೆಳಗಿನಿಂದ ನಿನ್ನ ಸ್ವರ ಕೇಳಿಸಿತು. "ಎನ್ನಮ್ಮಾ ಆಚ್ಚು? ಇಪ್ಪೋ ತಾನೇ ವರೇನ್!" ಏನಾಯಿತಮ್ಮ, ಈಗ ತಾನೇ ಬರುತ್ತಿದ್ದೇನಲ್ಲ ಎಂದು ನೀನು ನಗುತ್ತಿದ್ದೆ. ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದಿರಿ. ನಿನ್ನ ಮೈಮೇಲೆ ಹಸಿರು ಬನಿಯನ್ನೇ ಇತ್ತು. ಶೈಲ ನಿನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

ನೀನು ಸ್ನಾನಕ್ಕೆ ಹೋದ ಮೇಲೆ ಅವಳು ಲೋಟವನ್ನು ನೆಟ್ಟಗೆ ಮಾಡಿದಳು. ನನಗೆ ಒಂದು ಆಸೆ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ನಾನು ಸುಳ್ಳು ಹೇಳುವವಳಲ್ಲ, ನನಗೆ ನಿಜವಾಗಿ ಕಾಣಿಸುತ್ತದೆ ಎಂದು ಅವಳಿಗೆ ಇವತ್ತಾದರೂ ಗೊತ್ತಾಯಿತಲ್ಲ, ಈಗ ಏನಾದರೂ ಹೇಳುತ್ತಾಳೆ, ಎಷ್ಟೋ ವರ್ಷದ ಮಾತು ಇವತ್ತು ಮುಗಿಯುತ್ತದೆ ಎಂದು ಕಾದು ನಿಂತೆ.

ಅವಳು ಹೇಳಿದಳು. "ಅತ್ತೆ, ಇನ್ನು ಮೇಲೆ ನನ್ನ ಮಕ್ಕಳು ಬಂದ್ರು ಅಂತ ನೀವು ಹೇಳುದು ಬ್ಯಾಡ."

ಅಷ್ಟೇ ಹೇಳಿದ್ದು. ನಾನು ಆಯಿತು ಎಂದೆ.

ಅಂದಿನಿಂದ ನಾನು ಹೇಳುವುದಿಲ್ಲ. ಬೆಳಿಗ್ಗೆ ನೀವು ಬಾಗಿಲಿಗೆ ಬಂದು ನಿಂತರೆ, "ಅಜ್ಜಿ" ಎಂದು ಕರೆದರೂ, ನಾನು ತುರಿಮಣೆಯಿಂದ ತಲೆ ಎತ್ತುವುದಿಲ್ಲ. ಹತ್ತಿರ ಬಂದು ಮೈ ಮುಟ್ಟಿದ ಮೇಲೆಯೇ ನಿಮ್ಮ ಕಡೆ ನೋಡುತ್ತೇನೆ. ಅಜ್ಜಿಗೆ ಕಿವಿ ಮಂದವಾಗಿದೆ ಎಂದು ನಿಖಿಲ ಮೊನ್ನೆ ತಮಾಷೆ ಮಾಡಿದ. ಮಂದವಾಗಿಲ್ಲ ಮಗಾ. ನೀನು ಕರೆದದ್ದು ಮೂರು ಸಲವೂ ಕೇಳಿಸಿತ್ತು.